ಅಲೆಕ್ಸಿಸ್ ಕ್ಯಾರೆಲ್

1894ರ ಜೂನ್ ತಿಂಗಳಿನಲ್ಲಿ ಫ್ರಾನ್ಸಿನ ಅಧ್ಯಕ್ಷರಾದ ಸಾದಿ ಕಾರ್ನೊ ಅವರನ್ನು ಲಿಯಾನ್ ನಗರದಲ್ಲಿ ಹಂತಕನೊಬ್ಬನು ಚೂರಿಯಿಂದ ಇರಿದನು. ಯಕೃತ್ತಿಗೆ ರಕ್ತವನ್ನೊಯ್ಯುವ ದೊಡ್ಡ ನಾಳವು ಕಡಿದುಹೋಗಿತ್ತು. ಅದನ್ನು ಹೊಲಿದು ಸರಿಪಡಿಸುವ ವಿದ್ಯೆ ಅಂದಿನ ವೈದ್ಯರಿಗೆ ತಿಳಿದಿರಲಿಲ್ಲ. ಅಧ್ಯಕ್ಷರು ಆ ರಾತ್ರಿಯೇ ತೀರಿಕೊಂಡರು. ಅದೇ ನಗರದಲ್ಲಿ ವೈದ್ಯಶಾಸ್ತ್ರವನ್ನು ಕಲಿಯುತ್ತಿದ್ದ ಅಲೆಕ್ಸಿಸ್ ಕ್ಯಾರೆಲ್ ಎಂಬ ತರುಣನನ್ನು ಈ ಸಾವು ಚಿಂತೆಗೆ ಹಚ್ಚಿತು.

ಬಟ್ಟೆಯಂತೆ ರಕ್ತನಾಳವನ್ನೂ ಹೊಲಿಯಬಹುದಲ್ಲವೆ ಎಂದು ನೀವು ಕೇಳಬಹುದು. ತೊಡಕಿರುವುದು ರಕ್ತದ ಗುಣದಲ್ಲಿ. ಗಾಯವಾದೊಡನೆ ಹೆಪ್ಪುಗಟ್ಟಿ ಪ್ರಾಣವನ್ನು ಕಾಯುವ ರಕ್ತವೇ, ನಾಳದ ಒಳಪದರ ಹರಿದಲ್ಲಿ, ಒರಟು ದಾರ ತಾಗಿದಲ್ಲಿ, ಹರಿವು ಕುಂದಿದಲ್ಲಿ ಗರಣೆಗಟ್ಟಿ ದಾರಿಯನ್ನು ಮುಚ್ಚಿಬಿಡುತ್ತದೆ. ರಕ್ತ ತಲುಪದ ಕೈಕಾಲು ಸತ್ತು ಕೊಳೆಯುತ್ತದೆ.

ಲಿಯಾನ್ ರೇಷ್ಮೆಗೆ ಹೆಸರಾದ ಊರು. ಕ್ಯಾರೆಲ್ ಅಲ್ಲಿನ ಕಸೂತಿ ಕಲಾವಿದೆಯೊಬ್ಬರಿಂದ ನವುರಾದ ಸೂಜಿಯ ಕೆಲಸವನ್ನು ಕಲಿತರು. ಶಸ್ತ್ರವೈದ್ಯನೊಬ್ಬನು ಕಸೂತಿಗೆ ಕುಳಿತುದು ವಿನೋದದ ಸಂಗತಿಯಲ್ಲ. ಅವರ ಸಾಧನೆಯ ಬೇರು ಅಲ್ಲಿಯೇ ಇದೆ. ಕತ್ತರಿಸಿದ ನಾಳದ ಎರಡು ತುದಿಗಳನ್ನು ಸಮದೂರದ ಮೂರು ಹೊಲಿಗೆಗಳಿಂದ ಕೂಡಿಸಿ, ಅವನ್ನು ಹಿಡಿದೆಳೆದರೆ ದುಂಡನೆಯ ಬಾಯಿ ತ್ರಿಕೋನವಾಗುತ್ತದೆ. ಆಗ ಒಂದೊಂದು ಅಂಚನ್ನೂ ನೇರವಾಗಿ ಹೊಲಿಯಬಹುದು. ಒಳಪದರಕ್ಕೆ ಒಳಪದರವೇ ತಾಗುವಂತೆ ಅವರು ಅಂಚುಗಳನ್ನು ಹೊರಕ್ಕೆ ಮಡಿಸಿದರು. ರೇಷ್ಮೆಯ ಎಳೆಗೆ ವ್ಯಾಸಲೀನ್ ಸವರಿದರು. ಹೆಪ್ಪು ಕಟ್ಟಲು ಆದಷ್ಟೂ ಆಸ್ಪದವಿರಬಾರದೆಂಬುದೇ ಇವೆಲ್ಲದರ ಉದ್ದೇಶ. 1902ರಲ್ಲಿ ಈ ವಿಧಾನವನ್ನು ಪ್ರಕಟಿಸಿದರು.

1904ರಲ್ಲಿ ಅವರು ಫ್ರಾನ್ಸನ್ನು ಬಿಟ್ಟರು. ಷಿಕಾಗೋದಲ್ಲಿ ಚಾರ್ಲ್ಸ್ ಗತ್ರಿ ಅವರೊಡನೆ ಸೇರಿ ನಾಯಿಗಳ ಕಾಲು, ಮೂತ್ರಪಿಂಡಗಳನ್ನು ಕತ್ತರಿಸಿ ಮರಳಿ ಜೋಡಿಸುವ ಪ್ರಯೋಗಗಳನ್ನು ನಡೆಸಿದರು. ಹೊಲಿಗೆ ನಿಂತಿತು, ರಕ್ತ ಹರಿಯಿತು. ಆದರೆ ಬೇರೊಂದು ಪ್ರಾಣಿಯ ಅಂಗವನ್ನು ಜೋಡಿಸಿದಾಗ ದೇಹವು ಅದನ್ನು ಬಹುಕಾಲ ಸಹಿಸಲಿಲ್ಲ. 1912ರಲ್ಲಿ ಕ್ಯಾರೆಲ್ ಅವರಿಗೆ ನೊಬೆಲ್ ಬಹುಮಾನ ಬಂದಿತು. ಗತ್ರಿ ಅವರಿಗೂ ಅದರಲ್ಲಿ ಪಾಲು ಸಲ್ಲಬೇಕಿತ್ತು.

ಅವರ ಕೊನೆಯ ವರ್ಷಗಳು ಇಷ್ಟು ಉಜ್ವಲವಾಗಿರಲಿಲ್ಲ. ಮನುಷ್ಯರಲ್ಲಿ ಮೇಲುಕೀಳುಗಳನ್ನೆಣಿಸುವ ಸಂತತಿಶೋಧನೆಯ ವಾದವನ್ನು 1935ರ ತಮ್ಮ ಗ್ರಂಥದಲ್ಲಿ ಎತ್ತಿಹಿಡಿದರು. ಅದು ಒಪ್ಪತಕ್ಕ ಮಾತಲ್ಲ. 1944ರಲ್ಲಿ ಪ್ಯಾರಿಸಿನಲ್ಲಿ ನಿಧನರಾದರು.

ಹೆಪ್ಪನ್ನು ತಡೆಯುವ ಹೆಪರಿನ್ ಔಷಧ ಕ್ಯಾರೆಲ್ ಅವರ ಮೊದಲ ಪ್ರಯೋಗಗಳ ಕಾಲಕ್ಕೆ ಇರಲಿಲ್ಲ. 1916ರಲ್ಲಿ ಅದರ ಸುಳಿವು ದೊರೆತು, 1930ರ ದಶಕದಲ್ಲಿ ರೋಗಿಗಳಿಗೆ ಒದಗಿತು. ಅದನ್ನೂ ಅಳತೆಯರಿತು ಕೊಡಬೇಕು, ಹೆಚ್ಚಾದರೆ ರಕ್ತಸ್ರಾವ ನಿಲ್ಲದು. 1962ರಲ್ಲಿ ಬಾಸ್ಟನ್ನಿನ ವೈದ್ಯರು ಹನ್ನೆರಡು ವರ್ಷದ ಬಾಲಕನೊಬ್ಬನ ತುಂಡಾದ ತೋಳನ್ನು ಮರಳಿ ಜೋಡಿಸಿದರು. ಇಂದು ಸೂಕ್ಷ್ಮದರ್ಶಕದ ನೆರವಿನಿಂದ ಬೆರಳಿನ ನಾಳಗಳನ್ನೂ ಹೊಲಿಯುತ್ತಾರೆ. ಆದರೂ ಮೊದಲ ಕೆಲವು ದಿನ ಹೆಪ್ಪಿನ ಭಯ ತಪ್ಪಿದ್ದಲ್ಲ. ಹಗಲಿರುಳೂ ದಾದಿಯರು ಜೋಡಿಸಿದ ಬೆರಳನ್ನು ಮುಟ್ಟಿ ಬಿಸುಪನ್ನು ನೋಡುತ್ತಾರೆ. ಒತ್ತಿ ಬಿಟ್ಟು, ಬಿಳಿಚಿದ ತುದಿಗೆ ಕೆಂಪು ಮರಳುವುದನ್ನು ಕಾಯುತ್ತಾರೆ.