ಕೋಖರ್ ಡಾಕ್ಟರೂ ನಮ್ಮ ಬೆಳಗಿನ ಮಾತ್ರೆಯೂ

ಪುಣೆಯಲ್ಲಿರುವ ನನ್ನ ಓರಗಿತ್ತಿ ಈಗ ನಾಲ್ಕು ತಿಂಗಳ ಬಸುರಿ. ಥೈರಾಯ್ಡ್ ಮಾತ್ರೆ ಬಿಟ್ಟು ಸಮುದ್ರಪಾಚಿಯ ಕ್ಯಾಪ್ಸೂಲ್ ಶುರು ಮಾಡಲೇ ಎಂದು ಹೋದ ವಾರ ಫೋನಿನಲ್ಲಿ ಕೇಳಿದಳು. ಅವಳ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಯಾರೋ ಹೇಳಿದ್ದರಂತೆ, ಮಾತ್ರೆ ಕೆಮಿಕಲ್ಲು, ಪಾಚಿ ನೈಸರ್ಗಿಕ ಎಂದು. ಹತ್ತು ವರ್ಷದಿಂದ ಬೆಳಿಗ್ಗೆ ಎದ್ದ ಕೂಡಲೇ ಅದೇ ಮಾತ್ರೆ ನುಂಗುತ್ತಿರುವವಳು ನಾನು. ಹೊಟ್ಟೆಪಾಡಿಗೆ ಹೈದರಾಬಾದಿನ ಹೊರವಲಯದ ಔಷಧ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿ ತೂಕ, ಅಳತೆ ನೋಡುತ್ತೇನೆ. ಬೇಡ, ನಿಲ್ಲಿಸಬೇಡ, ಮೊದಲು ನಿನ್ನ ಡಾಕ್ಟರನ್ನು ಕೇಳು ಎಂದು ಹೇಳಿ ಫೋನಿಟ್ಟೆ. ಅವಳಿಗೆ ನಿಜಕ್ಕೂ ಹೇಳಬೇಕಿದ್ದದ್ದು ಸ್ವಿಟ್ಜರ್ಲೆಂಡಿನ ಒಬ್ಬ ಸರ್ಜನರ ಕತೆ. ಅದು ಫೋನಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ.

ಅವರ ಹೆಸರು ಥಿಯೋಡರ್ ಕೋಖರ್. 1841ರ ಆಗಸ್ಟ್ 25ರಂದು ಬರ್ನ್ ನಗರದಲ್ಲಿ ಹುಟ್ಟಿದರು. ತಂದೆ ಇಂಜಿನಿಯರ್, ತಾಯಿ ಮೊರಾವಿಯನ್ ಪಂಥದ ದೈವಭಕ್ತೆ. ಮಗನಿಗೂ ಆ ಭಕ್ತಿ, ಶಿಸ್ತು ಕೊನೆಯವರೆಗೂ ಅಂಟಿಕೊಂಡಿತ್ತು. ಬರ್ನಿನಲ್ಲೇ ವೈದ್ಯಕೀಯ ಓದಿ, ಬರ್ಲಿನ್, ಲಂಡನ್, ಪ್ಯಾರಿಸ್, ವಿಯೆನ್ನಾ ಸುತ್ತಿ ದೊಡ್ಡ ಸರ್ಜನರ ಕೈಕೆಲಸ ನೋಡಿ ಬಂದರು. 1872ರಲ್ಲಿ, ಮೂವತ್ತೊಂದು ತುಂಬುವ ಹೊತ್ತಿಗೆ, ಬರ್ನ್ ವಿಶ್ವವಿದ್ಯಾಲಯದಲ್ಲಿ ಶಸ್ತ್ರಚಿಕಿತ್ಸೆಯ ಪ್ರಾಧ್ಯಾಪಕರಾದರು. ಬೇರೆ ಕಡೆಯಿಂದ ದೊಡ್ಡ ಕರೆಗಳು ಬಂದರೂ ಊರು ಬಿಡಲಿಲ್ಲ. ಕೆಲಸಕ್ಕಾಗಿ ಊರು ಬಿಟ್ಟ ನಮ್ಮಂಥವರಿಗೆ ಇದು ಕೊಂಚ ಹೊಟ್ಟೆಕಿಚ್ಚಿನ ವಿಷಯವೇ.

ಆ ಸೀಮೆಯಲ್ಲಿ ಗಳಗಂಡ ಮನೆಮನೆಯ ಕಾಯಿಲೆ. ನಾನು ಚಿಕ್ಕವಳಿದ್ದಾಗ ಶಿರಸಿಯ ಕಡೆ ಸಂತೆಗೆ ಹೋದರೆ ಕುತ್ತಿಗೆಯಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ ಹೊತ್ತ ಒಬ್ಬಿಬ್ಬರು ಹೆಂಗಸರು ಕಾಣುತ್ತಿದ್ದರು. ಆಲ್ಪ್ಸ್ ಕಣಿವೆಗಳಲ್ಲಿ ಆ ಗಡ್ಡೆ ತೆಂಗಿನಕಾಯಿಯಷ್ಟಾಗಿ ಉಸಿರಿನ ಕೊಳವೆಯನ್ನೇ ಅದುಮುತ್ತಿತ್ತು. ಕೊಯ್ದು ತೆಗೆಯೋಣವೆಂದರೆ, ಥೈರಾಯ್ಡಿಗೆ ಹರಿಯುವಷ್ಟು ರಕ್ತ ಅದರ ಗಾತ್ರದ ಬೇರೆ ಅಂಗಗಳಿಗೆ ಹರಿಯುವುದು ಅಪರೂಪ. ಚಾಕು ಇಟ್ಟರೆ ರಕ್ತದ ಕೋಡಿ. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಆಪರೇಷನ್ ಮಾಡಿಸಿಕೊಂಡ ಹತ್ತರಲ್ಲಿ ಸುಮಾರು ನಾಲ್ವರು ಸಾಯುತ್ತಿದ್ದರು. ಹೆಸರಾಂತ ಸರ್ಜನರೇ ಇದು ಕಟುಕರ ಕೆಲಸವೆಂದು ದೂರ ಇಡುತ್ತಿದ್ದರು.

ಕೋಖರ್ ಅವಸರ ಪಡದ ಮನುಷ್ಯ. ಅರಿವಳಿಕೆ ಬರುವ ಮೊದಲಿನ ಕಾಲದಲ್ಲಿ ವೇಗವೇ ಸರ್ಜನನ ಹೆಗ್ಗಳಿಕೆಯಾಗಿತ್ತು. ಆ ಅಭ್ಯಾಸ ಇನ್ನೂ ಉಳಿದಿತ್ತು. ಇವರು ಮಾತ್ರ ಒಂದೊಂದೇ ರಕ್ತನಾಳವನ್ನು ಹುಡುಕಿ, ಹಿಡಿದು, ಕಟ್ಟಿ, ಆಮೇಲೆ ಕತ್ತರಿಸುತ್ತಿದ್ದರು. ಲಿಸ್ಟರ್ ಹೇಳಿಕೊಟ್ಟ ಕ್ರಿಮಿನಾಶಕ ಶುಚಿತ್ವವನ್ನು ವ್ರತದಂತೆ ಪಾಲಿಸಿದರು. ಇಂದಿಗೂ ಆಪರೇಷನ್ ಥಿಯೇಟರುಗಳಲ್ಲಿ ಕೋಖರ್ ಫೋರ್ಸೆಪ್ಸ್ ಎಂಬ ಹಲ್ಲಿರುವ ಇಕ್ಕಳ ಇದೆ. ಅದು ಇವರದೇ. ಅವರ ಕೈಯಲ್ಲಿ ಸಾವಿನ ಪ್ರಮಾಣ ಇಳಿಯುತ್ತ ಇಳಿಯುತ್ತ ಕೊನೆಗೆ ನೂರಕ್ಕೆ ಒಂದಕ್ಕಿಂತಲೂ ಕೆಳಗೆ ಬಂತು.

ಗಡ್ಡೆ ಮತ್ತೆ ಬೆಳೆಯದಿರಲಿ ಎಂದು ಕೆಲವರಿಗೆ ಅವರು ಇಡೀ ಗ್ರಂಥಿಯನ್ನೇ ತೆಗೆಯುತ್ತಿದ್ದರು. ಥೈರಾಯ್ಡ್ ಏನು ಕೆಲಸ ಮಾಡುತ್ತದೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಹಾಗೆ ತೆಗೆದವರಲ್ಲಿ ಹನ್ನೊಂದು ವರ್ಷದ ಒಬ್ಬ ಹುಡುಗಿಯಿದ್ದಳು. 1874ರ ಆಪರೇಷನ್. ಗಾಯ ಚೆನ್ನಾಗಿ ಮಾಯಿತು, ಹುಡುಗಿ ಊರಿಗೆ ಹೋದಳು. ಅವಳ ಸ್ವಭಾವ ಬದಲಾಗಿದೆ, ಮಂಕಾಗಿದ್ದಾಳೆ ಎಂದು ಅಲ್ಲಿಯ ವೈದ್ಯರು ತಿಳಿಸಿದರು. ಆಮೇಲೆ 1882ರಲ್ಲಿ ಜಿನೀವಾದ ಸರ್ಜನ್ ಜಾಕ್ ಲೂಯಿ ರೆವರ್ಡಾಂ, ಪೂರ್ತಿ ಗ್ರಂಥಿ ತೆಗೆಸಿಕೊಂಡ ತಮ್ಮ ರೋಗಿಗಳೂ ಸೊರಗುತ್ತಿದ್ದಾರೆಂದು ಕೋಖರರಿಗೆ ಹೇಳಿದರು.

ಕೋಖರ್ ತಮ್ಮ ಹಳೆಯ ರೋಗಿಗಳಿಗೆಲ್ಲ ಕಾಗದ ಬರೆದು ಕರೆಸಿಕೊಂಡರು. ಆ ಹುಡುಗಿಯೂ ತಂಗಿಯ ಜೊತೆ ಬಂದಳು. ಆಪರೇಷನ್ನಿಗೆ ಮುಂಚೆ ಯಾರು ಅಕ್ಕ ಯಾರು ತಂಗಿ ಎಂದು ಜನ ಗೊಂದಲಪಡುವಷ್ಟು ಹೋಲಿಕೆಯಿತ್ತಂತೆ. ಈಗ ತಂಗಿ ಎತ್ತರಕ್ಕೆ ಬೆಳೆದ ಚೆಲುವೆ. ಅಕ್ಕ ಕುಳ್ಳಗೇ ಉಳಿದಿದ್ದಳು; ಮುಖ ಊದಿಕೊಂಡು, ಬುದ್ಧಿ ಮಂಕಾಗಿತ್ತು. ಪೂರ್ತಿ ಗ್ರಂಥಿ ಕಳೆದುಕೊಂಡು ಪರೀಕ್ಷೆಗೆ ಬಂದ 18 ಜನರಲ್ಲಿ 16 ಮಂದಿಯ ಸ್ಥಿತಿ ಹೆಚ್ಚುಕಡಿಮೆ ಇದೇ: ಸುಸ್ತು, ಚಳಿ, ಊತ, ಒಣಚರ್ಮ, ನಿಧಾನವಾದ ಮಾತು.

ಇನ್ನೊಂದು ವಿಪರ್ಯಾಸವನ್ನು ಅಮೆರಿಕದ ಸರ್ಜನ್ ಹಾಲ್‌ಸ್ಟೆಡ್ ಆಮೇಲೆ ಗುರುತಿಸಿದರು. ವಿಯೆನ್ನಾದ ಬಿಲ್‌ರೋತ್ ಸರಸರನೆ ಕೊಯ್ಯುತ್ತಿದ್ದರು. ಅವರ ರೋಗಿಗಳಲ್ಲಿ ಗ್ರಂಥಿಯ ಚೂರುಪಾರು ಉಳಿದುಬಿಡುತ್ತಿತ್ತು, ಹಾಗಾಗಿ ಈ ಸೊರಗು ಅಷ್ಟಾಗಿ ಕಾಣಲಿಲ್ಲ. ಕೋಖರ್ ಒಂದು ಚೂರೂ ಬಿಡದೆ ಒಪ್ಪವಾಗಿ ತೆಗೆದಿದ್ದರು. ಕೈ ಅಷ್ಟು ಅಚ್ಚುಕಟ್ಟಾಗಿದ್ದುದೇ ಆ ರೋಗಿಗಳ ಪಾಲಿಗೆ ಮುಳುವಾಯಿತು.

1883ರಲ್ಲಿ ಬರ್ಲಿನ್ನಿನಲ್ಲಿ ನಡೆದ ಜರ್ಮನ್ ಸರ್ಜನರ ಸಮ್ಮೇಳನದಲ್ಲಿ ಕೋಖರ್ ಎದ್ದು ನಿಂತು ಈ ಲೆಕ್ಕವನ್ನೆಲ್ಲ ಮಂಡಿಸಿದರು. ತನ್ನ ಕೈಯಿಂದಲೇ ಇಷ್ಟು ಜನ ಹಾಳಾದರೆಂದು ಪ್ರಾಂತ್ಯದ ಅತಿ ಹೆಸರಾಂತ ಸರ್ಜನ್ ತುಂಬಿದ ಸಭೆಯಲ್ಲಿ ಒಪ್ಪಿಕೊಳ್ಳುವುದು ಸಣ್ಣ ಮಾತಲ್ಲ. ಅವರಿಗೆ ಸಿಕ್ಕ ನೊಬೆಲ್‌ಗಿಂತ ನನಗೆ ಇದೇ ದೊಡ್ಡದು. ಮಾರಕವಲ್ಲದ ಗಡ್ಡೆಗೆ ಇನ್ನು ಪೂರ್ತಿ ಗ್ರಂಥಿ ತೆಗೆಯುವುದಿಲ್ಲ ಎಂದು ನಿಶ್ಚಯಿಸಿದರು. ಕಾರಣ ಹೇಳುವಾಗ ಮಾತ್ರ ದಾರಿ ತಪ್ಪಿದರು, ಉಸಿರುಕೊಳವೆಗೆ ಆದ ಪೆಟ್ಟೇ ಇದಕ್ಕೆ ಮೂಲವೆಂದು ತರ್ಕಿಸಿದರು. ಗ್ರಂಥಿ ಇಲ್ಲದಿರುವುದೇ ಕಾಯಿಲೆ ಎಂದು ಲಂಡನ್ನಿನ ಫೆಲಿಕ್ಸ್ ಸೆಮನ್ ಅದೇ ವರ್ಷ ಹೇಳಿದಾಗ ಅಲ್ಲಿಯ ಹಿರಿಯರು ನಂಬಲಿಲ್ಲ. ಐದು ವರ್ಷ ಕಳೆದ ಮೇಲೆ, 1888ರಲ್ಲಿ, ಲಂಡನ್ನಿನ ಸಮಿತಿಯೇ ಅದನ್ನು ಒಪ್ಪಿತು.

ಗ್ರಂಥಿಯ ತುಣುಕನ್ನು ರೋಗಿಯ ದೇಹದಲ್ಲಿ ನೆಡುವ ಪ್ರಯತ್ನವನ್ನೂ ಕೋಖರ್ 1883ರಲ್ಲೇ ಮಾಡಿದರು. ಫಲಿಸಿದ್ದು ಬೇರೆ ದಾರಿ. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಕುರಿಯ ಥೈರಾಯ್ಡ್ ರಸವನ್ನು ಒಬ್ಬ ಹೆಂಗಸಿಗೆ ಚುಚ್ಚಿದರು. ಆಕೆ ಮತ್ತೆ 28 ವರ್ಷ ಬಾಳಿದಳು. ಮರುವರ್ಷ, ಚುಚ್ಚುವುದೇ ಬೇಡ, ತಿಂದರೂ ಸಾಕು ಎಂದು ಗೊತ್ತಾಯಿತು. ಕುರಿಯ ಗ್ರಂಥಿಯನ್ನು ಲಘುವಾಗಿ ಹುರಿದು ಹಣ್ಣಿನ ಜೆಲ್ಲಿಯ ಜೊತೆ ತಿನ್ನಿಸಿದವರೂ ಇದ್ದಾರೆ. ನೈಸರ್ಗಿಕ ಬೇಕೆನ್ನುವವರಿಗೆ ಇದಕ್ಕಿಂತ ನೈಸರ್ಗಿಕ ಯಾವುದಿದೆ? ತೊಂದರೆ ಒಂದೇ. ಈ ಕುರಿಯಲ್ಲಿ ಎಷ್ಟಿದೆ, ಆ ಕುರಿಯಲ್ಲಿ ಎಷ್ಟಿದೆ ಎಂದು ಹೇಳಲು ಬರುವುದಿಲ್ಲ. 1914ರ ಕ್ರಿಸ್‌ಮಸ್ ದಿನ ಅಮೆರಿಕದ ಎಡ್ವರ್ಡ್ ಕೆಂಡಲ್ ಥೈರಾಕ್ಸಿನ್ನನ್ನು ಹರಳಾಗಿ ಬೇರ್ಪಡಿಸಿದ ಮೇಲೆ ಅಳತೆಯ ಔಷಧಕ್ಕೆ ದಾರಿಯಾಯಿತು. ಈಗಿನ ನಮ್ಮ ಮಾತ್ರೆಯಲ್ಲಿರುವುದು ದೇಹವೇ ತಯಾರಿಸುವ ಅದೇ ಹಾರ್ಮೋನು, ಮೈಕ್ರೋಗ್ರಾಂ ಲೆಕ್ಕದಲ್ಲಿ. ಒಂದು ಗ್ರಾಮಿನಲ್ಲಿ ಹತ್ತು ಲಕ್ಷ ಮೈಕ್ರೋಗ್ರಾಂ ಎಂದರೆ ಆ ಅಳತೆಯ ಸೂಕ್ಷ್ಮ ತಿಳಿದೀತು.

ಪಾಚಿಯ ವಿಷಯಕ್ಕೂ ಕೋಖರ್ ಸಂಬಂಧಿಸುತ್ತಾರೆ. ಪಾಚಿಯಲ್ಲಿರುವುದು ಮುಖ್ಯವಾಗಿ ಅಯೋಡಿನ್. ಜಿನೀವಾದ ಕ್ವಾಂಡೆ ಎಂಬ ವೈದ್ಯರು 1820ರಲ್ಲೇ ಗಳಗಂಡಕ್ಕೆ ಅಯೋಡಿನ್ ಕೊಟ್ಟು ಗುಣ ಕಂಡಿದ್ದರು. ಆಮೇಲೆ ಜನ ಮನಸ್ಸಿಗೆ ಬಂದಷ್ಟು ಕುಡಿದು ಎದೆಬಡಿತ, ನಡುಕ, ತೂಕ ಇಳಿತ ತಂದುಕೊಂಡರು. ಹೀಗೆ ಅಯೋಡಿನ್ನಿನಿಂದ ಥೈರಾಯ್ಡ್ ಕೆರಳುವುದಕ್ಕೆ ಯೋಡ್‌ಬಾಸೆಡೋ ಎಂದು ಹೆಸರಿಟ್ಟವರು ಕೋಖರ್. ವಯಸ್ಕರಿಗೆ ದಿನಕ್ಕೆ ಬೇಕಾದ ಅಯೋಡಿನ್ ಸುಮಾರು 150 ಮೈಕ್ರೋಗ್ರಾಂ, ಬಸುರಿಯರಿಗೆ 250. ಒಂದು ಇಡೀ ಆಯುಷ್ಯಕ್ಕೆ ಸೇರಿಸಿದರೂ ಒಂದು ಟೀ ಚಮಚ ತುಂಬದು. ಪಾಚಿಯ ಕ್ಯಾಪ್ಸೂಲಿನಲ್ಲಿ ಒಂದರಿಂದ ಇನ್ನೊಂದಕ್ಕೆ ಈ ಪ್ರಮಾಣ ಎಷ್ಟೋ ಪಟ್ಟು ಏರುಪೇರಾಗಬಹುದು. ಹೆಚ್ಚಾದರೆ ಕೆಲವರಲ್ಲಿ ಗ್ರಂಥಿ ಕೆರಳುತ್ತದೆ, ಕೆಲವರಲ್ಲಿ ಸುಮ್ಮನಾಗಿಬಿಡುತ್ತದೆ. ಗರ್ಭದ ಮೊದಲ ತಿಂಗಳುಗಳಲ್ಲಿ ಮಗುವಿನ ಮಿದುಳು ತಾಯಿಯ ಥೈರಾಕ್ಸಿನ್ನನ್ನೇ ನಂಬಿಕೊಂಡಿರುತ್ತದೆ. ಅದಕ್ಕೇ ಬಸುರಿಯಲ್ಲಿ ವೈದ್ಯರು ಮಾತ್ರೆಯ ಪ್ರಮಾಣವನ್ನು ಸಾಮಾನ್ಯವಾಗಿ ಏರಿಸುತ್ತಾರೆ. ಆಗ ನಿಲ್ಲಿಸುವುದೆಂದರೆ ತೀರಾ ಅಪಾಯ.

ಊಟದ ವಿಷಯ ಬೇಗ ಮುಗಿಸುತ್ತೇನೆ. ಮಾತ್ರೆ ಖಾಲಿ ಹೊಟ್ಟೆಗೆ, ನೀರಿನಲ್ಲಿ. ನಮ್ಮ ಫಿಲ್ಟರ್ ಕಾಫಿ ಅರ್ಧದಿಂದ ಒಂದು ಗಂಟೆ ಕಾಯಲಿ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೂ ಇದಕ್ಕೂ ನಾಲ್ಕು ಗಂಟೆ ಅಂತರವಿರಲಿ. ಕೂದಲಿಗೆಂದು ಬಯೋಟಿನ್ ತಿನ್ನುವವರು ರಕ್ತಪರೀಕ್ಷೆಗೆ ಮುಂಚೆ ಡಾಕ್ಟರಿಗೆ ಹೇಳಬೇಕು, ವರದಿ ತಪ್ಪಾಗಿ ಬರಬಹುದು. ಬೇಯಿಸಿದ ಎಲೆಕೋಸಿನ ಪಲ್ಯಕ್ಕೆ ಹೆದರಬೇಕಿಲ್ಲ.

1909ರಲ್ಲಿ ಥೈರಾಯ್ಡ್ ಕುರಿತ ಕೆಲಸಕ್ಕೆ ಕೋಖರರಿಗೆ ನೊಬೆಲ್ ಬಂತು. ಆ ಪ್ರಶಸ್ತಿ ಪಡೆದ ಮೊದಲ ಸರ್ಜನ್ ಅವರು. ಮೂರು ವರ್ಷದ ಮೇಲೆ ಎರಡು ಲಕ್ಷ ಫ್ರಾಂಕನ್ನು ಸಂಶೋಧನೆಗೆಂದು ತಮ್ಮ ವಿಶ್ವವಿದ್ಯಾಲಯಕ್ಕೇ ಕೊಟ್ಟರು. ಅವರೂ ಅವರ ಶಿಷ್ಯರೂ ಸೇರಿ ಮಾಡಿದ ಥೈರಾಯ್ಡ್ ಆಪರೇಷನ್ನುಗಳು ಸಾವಿರಗಟ್ಟಲೆ. ಕೊನೆಯ ದಿನಗಳವರೆಗೂ ಚಾಕು ಕೆಳಗಿಡದೆ, 1917ರ ಜುಲೈ 27ರಂದು ತೀರಿಕೊಂಡರು.

ಐದು ವರ್ಷದ ನಂತರ, 1922ರಲ್ಲಿ, ಸ್ವಿಟ್ಜರ್ಲೆಂಡಿನ ಅಪೆನ್‌ಜೆಲ್ ಕಡೆ ಅಳೆದ ಅಯೋಡಿನ್ ಬೆರೆಸಿದ ಉಪ್ಪಿನ ಮಾರಾಟ ಶುರುವಾಯಿತು. ನಮ್ಮಲ್ಲಿ ಅದೇ ಕೆಲಸಕ್ಕೆ ಬುನಾದಿ ಬಿದ್ದದ್ದು 1956ರಲ್ಲಿ, ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ, ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಹೂಡಿದ ಉಪ್ಪಿನ ಪ್ರಯೋಗದಿಂದ. ಬರ್ನಿನಲ್ಲಿ ಈಗ ಕೋಖರ್ ಹೆಸರಿನ ಒಂದು ಬೀದಿ, ಒಂದು ಉದ್ಯಾನ ಇವೆ. ಅಲ್ಲಿ ಹುಟ್ಟಿ ಬೆಳೆದ ಹರೆಯದವರು ತೆಂಗಿನಕಾಯಿ ಗಾತ್ರದ ಗಳಗಂಡವನ್ನು ಹಳೆಯ ಫೋಟೊಗಳಲ್ಲಷ್ಟೇ ನೋಡಿರುತ್ತಾರೆ.