ಭೀಮೆಯ ದಂಡೆಯ ಅಶೋಕ

ನಾವು ನೆಲೋಗಿ ಶಾಲೆಯಲ್ಲಿ ಓದಿದ ಅಶೋಕ ದೂರದ ಪಾಟಲಿಪುತ್ರದ ದೊರೆ. ಆದರೆ ನಮ್ಮದೇ ಜಿಲ್ಲೆಯಲ್ಲಿ, ಸನ್ನತಿ ಹತ್ತಿರದ ಕನಗನಹಳ್ಳಿ ಸ್ತೂಪದಲ್ಲಿ, ಹೆಸರಿನ ಸಮೇತ ಅವನ ಶಿಲ್ಪ ಸಿಕ್ಕಿದೆ.

ಪಟ್ಟವೇರಿದ 8 ವರ್ಷಕ್ಕೆ ಕಳಿಂಗ ಗೆದ್ದ ಅಶೋಕ ಅಲ್ಲಿನ ಸಾವುನೋವಿಗೆ ಮರುಗಿ ಧಮ್ಮದತ್ತ ವಾಲಿದ. 10 ವರ್ಷಕ್ಕೆ ಬೋಧಗಯೆಗೆ, 20 ವರ್ಷಕ್ಕೆ ಲುಂಬಿನಿಗೆ ಹೋಗಿಬಂದ.

ನನಗೆ ಹೆಚ್ಚು ಹಿಡಿಸುವುದು ಅವನ ಪ್ರಾಮಾಣಿಕತೆ. ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷ ಮೀರಿದ್ದರೂ ಮೊದಮೊದಲು ತನ್ನ ಸಾಧನೆ ಸಾಲದಾಗಿತ್ತು, ಸಂಘದ ಒಡನಾಟದಲ್ಲಿ ವರ್ಷಕ್ಕೂ ಮೀರಿ ಶ್ರಮಿಸಿದ ಮೇಲೆಯೇ ಮುಂದುವರಿದೆ ಎಂದು ಬ್ರಹ್ಮಗಿರಿಯ ಬಂಡೆಯ ಮೇಲೆ ಬರೆಸಿದ. ಆ ಫಲ ದೊಡ್ಡವರ ಸೊತ್ತಲ್ಲ, ಶ್ರಮಿಸಿದರೆ ಸಣ್ಣವರಿಗೂ ಸಿಗುತ್ತದೆ ಎಂದು ಸಾರಿದ. ನಮ್ಮ ಹಳ್ಳಿ ಶಾಲೆಯ ಮಕ್ಕಳು ನೆನಪಿಡಬೇಕಾದ ಮಾತು ಇದೇ.