ಒಳಮನೆಯ ದೂತ

ಚಿತ್ತವಾಡ್ಗಿಯ ಕಡೆ ಕಬ್ಬಿನ ಗದ್ದೆಯ ಬದುವಿನ ಮೇಲೆ ಮುಸ್ಸಂಜೆಯಲ್ಲಿ ನಡೆದು ಬರುವ ರೈತನ ಕಾಲ ಬಳಿ ಹಾವೊಂದು ಸರಿದುಹೋಯಿತೆನ್ನಿ. ಅವನ ಎದೆ ಡವಡವನೆ ಬಡಿಯುತ್ತದೆ. ದಣಿದ ಕಾಲುಗಳಿಗೆ ಎಲ್ಲಿಲ್ಲದ ಕಸುವು ಬರುತ್ತದೆ. ಮೂತ್ರಪಿಂಡಗಳ ನೆತ್ತಿಯ ಮೇಲಿರುವ ಪುಟ್ಟ ಗ್ರಂಥಿಗಳು ಅಡ್ರಿನಾಲಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಸುರಿದಿವೆ. ಆ ಸುದ್ದಿ ಮುಟ್ಟಿದೊಡನೆ ಯಕೃತ್ತು, ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟಿದ್ದ ತನ್ನ ಸಕ್ಕರೆಯ ಕಣಜವನ್ನು ತೆರೆದಿದೆ. ಇಷ್ಟನ್ನು ಶರೀರಶಾಸ್ತ್ರಜ್ಞರು ಬಹುಕಾಲದಿಂದ ಬಲ್ಲರು. ಆದರೆ ರಕ್ತದಲ್ಲಿ ತೇಲಿಬಂದ ಹಾರ್ಮೋನು ಜೀವಕೋಶಕ್ಕೆ ತನ್ನ ಮಾತನ್ನು ಮುಟ್ಟಿಸುವುದೆಂತು? ಈ ಒಂದು ಪ್ರಶ್ನೆಗೆ ತನ್ನ ಬಾಳನ್ನು ಮುಡಿಪಾಗಿಟ್ಟವನು ಅರ್ಲ್ ಸದರ್ಲೆಂಡ್.

ಅಮೆರಿಕದ ಕಾನ್ಸಾಸ್ ಸಂಸ್ಥಾನದ ಬರ್ಲಿಂಗೇಮ್ ಎಂಬ ಸಣ್ಣ ಊರಿನಲ್ಲಿ 1915ರ ನವೆಂಬರ್ 19ರಂದು ಅವನು ಜನಿಸಿದ. ತಂದೆ ಬೇಸಾಯವನ್ನು ಬಿಟ್ಟು ಅಂಗಡಿಯಿಟ್ಟವನು. 1930ರ ದಶಕದ ಆರ್ಥಿಕ ಮುಗ್ಗಟ್ಟು ಮನೆಯ ಉಳಿತಾಯವನ್ನು ನುಂಗಿತು. ವಿದ್ಯಾರ್ಥಿವೇತನವನ್ನೂ ಆಸ್ಪತ್ರೆಯ ಚಾಕರಿಯನ್ನೂ ನೆಚ್ಚಿಕೊಂಡು ಓದಿದ ಹುಡುಗ, 1937ರಲ್ಲಿ ಪದವೀಧರನಾದ. 1942ರಲ್ಲಿ ಸೇಂಟ್ ಲೂಯಿಯ ವಾಷಿಂಗ್‌ಟನ್ ವಿಶ್ವವಿದ್ಯಾಲಯದಿಂದ ವೈದ್ಯನಾಗಿ ಹೊರಬಂದ. ಎರಡನೆಯ ಮಹಾಯುದ್ಧದಲ್ಲಿ ಸೇನಾವೈದ್ಯನಾಗಿ ದುಡಿದು ಮರಳಿದಾಗ, ರೋಗಿಗಳ ಶುಶ್ರೂಷೆಯೋ ಪ್ರಯೋಗಶಾಲೆಯೋ ಎಂಬ ತೊಳಲಾಟ ಅವನನ್ನು ಕಾಡಿತು. ಗ್ಲೈಕೋಜನ್ನಿನ ರಹಸ್ಯವನ್ನು ಬಿಡಿಸಿ 1947ರಲ್ಲಿ ಪತ್ನಿ ಗರ್ಟಿಯೊಡನೆ ನೊಬೆಲ್ ಪಾರಿತೋಷಕವನ್ನು ಪಡೆದ ಕಾರ್ಲ್ ಕೋರಿ ಅವನ ಗುರು. ಆ ಗುರುವಿನ ಸಾನ್ನಿಧ್ಯವೇ ಅವನ ತೊಳಲಾಟವನ್ನು ಕೊನೆಗಾಣಿಸಿತು.

1953ರಲ್ಲಿ ಅವನು ಕ್ಲೀವ್‌ಲೆಂಡಿನ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯಕ್ಕೆ ಹೋದ. ಹಾರ್ಮೋನು ಕೆಲಸ ಮಾಡುವುದು ಇಡಿಯಾದ ಜೀವಕೋಶದಲ್ಲಿ ಮಾತ್ರ ಎಂಬುದು ಅಂದು ಬೇರೂರಿದ್ದ ನಂಬಿಕೆ. ವೀಣೆಯನ್ನು ಒಡೆದು ನಾದವನ್ನು ಹುಡುಕಲಾದೀತೇ? ಸದರ್ಲೆಂಡ್ ಮತ್ತು ಅವನ ಸಹೋದ್ಯೋಗಿ ಥಿಯೊಡೋರ್ ರಾಲ್ ಒಡೆದೇ ಹುಡುಕಿದರು. ಯಕೃತ್ತನ್ನು ಅರೆದ ದ್ರವದಲ್ಲಿಯೂ ಹಾರ್ಮೋನು ತನ್ನ ಪ್ರಭಾವವನ್ನು ತೋರಿತು. ಕೋಶಪೊರೆಯ ಚೂರುಗಳನ್ನು ಬೇರ್ಪಡಿಸಿದರೆ ಆ ಪ್ರಭಾವ ಮಾಯವಾಯಿತು. ಆಗ ಅವರು ಆ ಚೂರುಗಳಿಗೆ ಮಾತ್ರ ಹಾರ್ಮೋನನ್ನು ಸೇರಿಸಿದರು. ಅದರಿಂದ ಬಂದ ರಸವನ್ನು ಕುದಿಸಿ, ಉಳಿದ ದ್ರವಕ್ಕೆ ಬೆರೆಸಿದರು. ಪ್ರಭಾವ ಮರಳಿ ಬಂತು! ಹಾರ್ಮೋನು ಹೊಸ್ತಿಲಲ್ಲಿಯೇ ನಿಂತಿತ್ತು. ಕುದಿಸಿದರೂ ಕೆಡದ ಇನ್ನೊಂದು ವಸ್ತು ಅದರ ಮಾತನ್ನು ಒಳಕ್ಕೆ ಒಯ್ದಿತ್ತು.

ಆ ವಸ್ತುವೇ ಸೈಕ್ಲಿಕ್ ಎಎಂಪಿ. ಜೀವಕೋಶದ ಶಕ್ತಿಯ ನಾಣ್ಯವೆನಿಸಿದ ಎಟಿಪಿಯಿಂದ ಅದು ಹುಟ್ಟುತ್ತದೆ. ಆ ಎಟಿಪಿಯನ್ನು 1929ರಲ್ಲಿ ಕಂಡುಹಿಡಿದವರಲ್ಲಿ ಒಬ್ಬರು, ನಮ್ಮ ಹೊಸಪೇಟೆಯೂ ಆಗ ಸೇರಿದ್ದ ಮದರಾಸು ಪ್ರಾಂತದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಎಂಬುದು ನೆನೆಯತಕ್ಕ ಸಂಗತಿ. ಸದರ್ಲೆಂಡ್ ಹಾರ್ಮೋನನ್ನು ಮೊದಲನೆಯ ದೂತನೆಂದೂ ಸೈಕ್ಲಿಕ್ ಎಎಂಪಿಯನ್ನು ಎರಡನೆಯ ದೂತನೆಂದೂ ಕರೆದ.

ಲೋಕ ಇದನ್ನು ಒಡನೆಯೇ ಒಪ್ಪಲಿಲ್ಲ. ಬೇರೆ ಬೇರೆ ಹಾರ್ಮೋನುಗಳು ಬೇರೆ ಬೇರೆ ಕಾರ್ಯಗಳನ್ನು ಮಾಡಿಸುವಾಗ, ಅವೆಲ್ಲಕ್ಕೂ ಒಂದೇ ಒಳದೂತ ಸಾಕಾಗುವುದೆಂತು ಎಂಬ ಸಂಶಯ ಎದ್ದಿತು. ಸಂಶಯ ಅನುಚಿತವಾದುದೂ ಅಲ್ಲ. ಆದರೆ ಯಾವ ಹಾರ್ಮೋನಿಗೆ ಬಾಗಿಲು ತೆರೆಯಬೇಕೆಂಬುದನ್ನು ಆಯಾ ಕೋಶದ ಹೊರಮೈಯ ಗ್ರಾಹಕಗಳು ನಿರ್ಣಯಿಸುತ್ತವೆ. ಒಳಗೆ ಆಗಬೇಕಾದ ಕೆಲಸವನ್ನು ಆ ಕೋಶದ ಸ್ವಭಾವವೇ ನಿರ್ಣಯಿಸುತ್ತದೆ. ಊರಿನಲ್ಲಿ ಗಂಟೆ ಒಂದೇ ಆದರೂ, ಅದನ್ನು ಕೇಳಿ ಅರ್ಚಕ ಗುಡಿಗೆ ಹೋಗುತ್ತಾನೆ, ವಿದ್ಯಾರ್ಥಿ ಶಾಲೆಗೆ ಹೋಗುತ್ತಾನೆ. 1963ರಲ್ಲಿ ಸದರ್ಲೆಂಡ್ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯಕ್ಕೆ ತೆರಳಿ, ಸಂಶೋಧನೆಯಲ್ಲಿಯೇ ಮುಳುಗಿದ. ಹಾರ್ಮೋನುಗಳ ಗೊಡವೆಯೇ ಇಲ್ಲದ ಬ್ಯಾಕ್ಟೀರಿಯದಲ್ಲಿಯೂ ಅದೇ ವಸ್ತು 1965ರಲ್ಲಿ ದೊರಕಿತು. ಸಂಶಯ ಕರಗತೊಡಗಿತು. 1971ರ ವೈದ್ಯಕೀಯ ನೊಬೆಲ್ ಪಾರಿತೋಷಕ ಅವನೊಬ್ಬನಿಗೇ ಸಂದಿತು. ಆದರೆ ಆಯುಷ್ಯ ದೀರ್ಘವಾಗಲಿಲ್ಲ. 1973ರಲ್ಲಿ ಮಯಾಮಿ ವಿಶ್ವವಿದ್ಯಾಲಯವನ್ನು ಸೇರಿದ ಅವನು 1974ರ ಮಾರ್ಚ್ 9ರಂದು, 58ನೆಯ ವಯಸ್ಸಿನಲ್ಲಿ ತೀರಿಕೊಂಡ.

ಅವನು ತೋರಿದ ಹಾದಿ ಅಲ್ಲಿಗೆ ನಿಲ್ಲಲಿಲ್ಲ. ಹಿಂದೆ ಜಾತ್ರೆಗಳನ್ನು ಮಸಣವಾಗಿಸುತ್ತಿದ್ದ ಕಾಲರಾ ರೋಗದ ವಿಷ, ಕರುಳಿನ ಕೋಶಗಳಲ್ಲಿ ಇದೇ ಸೈಕ್ಲಿಕ್ ಎಎಂಪಿಯನ್ನು ಎಲ್ಲೆಮೀರಿ ಉಕ್ಕಿಸಿ ದೇಹದ ನೀರನ್ನು ಹೊರಗೆಡಹುತ್ತದೆಂದು ತಿಳಿದುಬಂತು. ಗ್ರಾಹಕಕ್ಕೂ ಎರಡನೆಯ ದೂತನಿಗೂ ನಡುವೆ ನಿಲ್ಲುವ ಜಿ-ಪ್ರೋಟೀನುಗಳನ್ನು ಕಂಡವರಿಗೆ 1994ರಲ್ಲಿ, ಆ ಗ್ರಾಹಕಗಳ ರೂಪವನ್ನೂ ರೀತಿಯನ್ನೂ ಬಿಡಿಸಿ ತೋರಿದವರಿಗೆ 2012ರಲ್ಲಿ ನೊಬೆಲ್ ಪಾರಿತೋಷಕಗಳು ಸಂದವು. ಎಲ್ಲ ಹಾರ್ಮೋನುಗಳೂ ಹೊಸ್ತಿಲಲ್ಲಿ ನಿಲ್ಲುವುದಿಲ್ಲ, ನಿಜ. ಸ್ಟೀರಾಯ್ಡ್ ಬಗೆಯವು ಒಳಹೊಕ್ಕು ಕೆಲಸ ಮಾಡುತ್ತವೆ. ಇದರಿಂದ ಅವನ ಶೋಧದ ಹಿರಿಮೆ ಕುಂದದು.

ಕಿಷ್ಕಿಂಧೆಯ ನೆರೆಯಲ್ಲಿ ಬಾಳುವ ನಮಗೆ ದೂತನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಶ್ರೀರಾಮನ ಉಂಗುರ ಸೀತೆಯ ಕೈ ಸೇರಲು ಹನುಮಂತನೇ ಬೇಕಾಯಿತು. ಬದುವಿನ ಮೇಲೆ ಬೆಚ್ಚಿದ ರೈತ ಮನೆ ಸೇರಿ ನೀರು ಕುಡಿದು ನಿಟ್ಟುಸಿರುಬಿಡುವ ಹೊತ್ತಿಗೆ, ಅವನ ಮೈಯೊಳಗಿನ ಹೆಸರಿಲ್ಲದ ದೂತರು ತಮ್ಮ ಕೆಲಸ ಮುಗಿಸಿ ಅಳಿದಿರುತ್ತಾರೆ. ಅವರಿಗೊಂದು ಹೆಸರು ಕೊಟ್ಟವನನ್ನು ನೆನೆಯುವುದು ಓದು ಬಲ್ಲ ನಮ್ಮ ಪಾಲಿನ ಋಣ.